ಔಟ್‌ಬೋರ್ಡ್ ಎಂಜಿನ್ ತಂಪಾಗಿದೆಯಾ? ನೀರಿನ ದಾರಿಯನ್ನು ಬುಡದಿಂದ ತಲೆಯವರೆಗೆ ಪರೀಕ್ಷಿಸುವ ಕ್ರಮ

ಹೊನ್ನಾವರದ ಅಳಿವೆ ದಾಟುವಾಗ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಡೆ ಬಿಗಿಯುವ ಎಂಜಿನ್, ಕೈಕೊಡಬಾರದು. ಶರಾವತಿ ಕಡಲಿಗೆ ಸೇರುವ ಆ ಜಾಗದಲ್ಲಿ ಮರಳದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಮುಂದಿನ ಅಲೆ ಏನು ಮಾಡುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ನನ್ನ 9.9 ಎಚ್‌ಪಿ ಎಂಜಿನ್ ಅಲ್ಲಿಗೆ ಇನ್ನು ಸ್ವಲ್ಪ ದೂರ ಇರುವಾಗ ಎಳೆತ ಕಳೆದುಕೊಂಡಿತ್ತು. ಹಿಂದೆ ತಿರುಗಿ ನೋಡಿದೆ. ಎಂಜಿನ್ ಹಿಂಬದಿಯ ಸಣ್ಣ ತೂತಿನಿಂದ ನೀರು ಚೆನ್ನಾಗಿಯೇ ಚಿಮ್ಮುತ್ತಿತ್ತು. ನೀರು ಬರುತ್ತಿದೆಯಲ್ಲ, ಹಾಗಾದರೆ ಬಿಸಿಯ ತೊಂದರೆ ಅಲ್ಲ, ಪೆಟ್ರೋಲ್‌ನಲ್ಲಿ ಕಸ ಇರಬೇಕು ಅಂದುಕೊಂಡು ಹಾಗೇ ಓಡಿಸಿದೆ. ಹತ್ತು ನಿಮಿಷ ಆಗುವುದರೊಳಗೆ ಬಣ್ಣ ಸುಟ್ಟ ವಾಸನೆ ಬಂತು. ಮುಚ್ಚಳ ತೆಗೆದು ಹೆಡ್ (ಸಿಲಿಂಡರ್‌ನ ತಲೆಭಾಗ) ಮೇಲೆ ನಾಲ್ಕು ಹನಿ ನೀರು ಹಾಕಿದರೆ ಚುರ್ರೆಂದು ಆವಿಯಾಯಿತು. ಇನ್ನೊಂದು ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರು. ಬಿಚ್ಚಿ ನೋಡಿದಾಗ, ಬಿಸಿ ನೋಡಿ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಉಪ್ಪು ಕಟ್ಟಿಕೊಂಡು ಮುಚ್ಚಿದ ಹಾಗೇ ಸಿಕ್ಕಿಬಿದ್ದಿತ್ತು. ಹೆಡ್ ಪ್ಯಾಕಿಂಗ್ ಸುಟ್ಟಿತ್ತು.

ಅವತ್ತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತೂತಿನಿಂದ ನೀರು ಬಂದರೆ ಪಂಪ್ ಕೆಲಸ ಮಾಡುತ್ತಿದೆ ಅಂತ ಮಾತ್ರ ಅರ್ಥ. ಎಂಜಿನ್ ತಂಪಾಗಿದೆ ಅಂತಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ

ಇದನ್ನು ತಿಳಿದುಕೊಳ್ಳದೆ ಪಾನಾ ಹಿಡಿಯಬೇಡಿ. ಐದು ನಿಮಿಷದ ಮಾತು ಅಷ್ಟೇ.

ಕಾರಿಗೆ ರೇಡಿಯೇಟರ್ ಇರುತ್ತದೆ, ಅದೇ ನೀರು ಸುತ್ತುತ್ತಾ ಇರುತ್ತದೆ. ಸಣ್ಣ ಔಟ್‌ಬೋರ್ಡ್‌ಗೆ ಹಾಗಿಲ್ಲ. ಅದು ದೋಣಿ ತೇಲುತ್ತಿರುವ ನೀರನ್ನೇ ಎಳೆದುಕೊಂಡು, ಬಿಸಿ ಮಾಡಿ, ಹೊರಗೆ ಬಿಡುತ್ತದೆ. ಪ್ರೊಪೆಲ್ಲರ್ ಮೇಲೆ ಚಪ್ಪಟೆಯಾದ ಒಂದು ರೆಕ್ಕೆ ಇದೆ, ನೋಡಿದ್ದೀರಲ್ವಾ? ಅದರ ಆಸುಪಾಸಿನಲ್ಲಿ, ಗೇರ್ ಇರುವ ಭಾಗದ ಎರಡೂ ಬದಿಯಲ್ಲಿ ಸಣ್ಣ ಜಾಲರಿ ಅಥವಾ ಸೀಳು ಇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಅದು ರೆಕ್ಕೆಯ ಅಡಿಯಲ್ಲೇ ಅಡಗಿರುತ್ತದೆ. ನೀರು ಒಳಗೆ ಹೋಗುವ ಬಾಗಿಲು ಅದು.

ಅಲ್ಲಿಂದ ಸ್ವಲ್ಪ ಮೇಲೆ ವಾಟರ್ ಪಂಪ್. ಅದರೊಳಗೆ ಇಂಪೆಲ್ಲರ್ ಅಂತ ರಬ್ಬರಿನ ಚಕ್ರ, ಅದಕ್ಕೆ ಆರೋ ಏಳೋ ರೆಕ್ಕೆ. ಮೇಲಿನಿಂದ ಎಂಜಿನ್ ತಿರುಗಿಸುವ ಉದ್ದ ಶಾಫ್ಟ್ ಈ ಚಕ್ರದ ನಡುವೆ ಹಾದು ಹೋಗುತ್ತದೆ. ಪಂಪ್‌ನ ಡಬ್ಬಿ ಶಾಫ್ಟ್‌ಗೆ ಸರಿಯಾಗಿ ನಡುವೆ ಇರುವುದಿಲ್ಲ, ಒಂದು ಕಡೆಗೆ ಸರಿದಿರುತ್ತದೆ. ಅದಕ್ಕೇ ರೆಕ್ಕೆಗಳು ಒಂದು ಬದಿಯಲ್ಲಿ ಮಡಚಿ, ಇನ್ನೊಂದು ಬದಿಯಲ್ಲಿ ಬಿಚ್ಚಿಕೊಳ್ಳುತ್ತವೆ. ಬಿಚ್ಚಿದಾಗ ನೀರು ಎಳೆಯುತ್ತದೆ, ಮಡಚಿದಾಗ ಒತ್ತುತ್ತದೆ. ನಿಧಾನವಾಗಿ ಓಡುವಾಗ ಇಡೀ ಕೆಲಸ ಈ ಮಡಚು-ಬಿಚ್ಚಿನಿಂದಲೇ ನಡೆಯುತ್ತದೆ. ಜೋರಾಗಿ ತಿರುಗುವಾಗ ರೆಕ್ಕೆಗಳು ಗೋಡೆಗೆ ಪೂರ್ತಿ ತಾಗುವುದಿಲ್ಲ, ಆಗ ನೀರನ್ನು ಹೊರಕ್ಕೆ ಎಸೆಯುವ ಬಲದಿಂದ ಪಂಪ್ ನಡೆಯುತ್ತದೆ. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಂಪ್‌ನಿಂದ ನೀರು ಒಂದು ಉದ್ದ ಕೊಳವೆ ಹಿಡಿದು ಮೇಲೆ ಹೋಗುತ್ತದೆ. ಸಿಲಿಂಡರ್ ಮತ್ತು ಹೆಡ್ ಸುತ್ತಲಿನ ದಾರಿಗಳಲ್ಲಿ ಹರಿಯುತ್ತದೆ. ಹೆಡ್ ಹತ್ತಿರ ಥರ್ಮೋಸ್ಟಾಟ್ ಎನ್ನುವ ಕಾವಲುಗಾರ ಇದ್ದಾನೆ. ಎಂಜಿನ್ ತಣ್ಣಗಿದ್ದರೆ ಮುಚ್ಚಿರುತ್ತಾನೆ, ಬಿಸಿಯಾದ ಮೇಲೆ ತೆರೆಯುತ್ತಾನೆ. ಆಮೇಲೆ ನೀರು ಹೊಗೆಯ ಜೊತೆ ಸೇರಿ ಕೆಳಗಿಳಿದು ನೀರಿನೊಳಗೇ ಹೊರಗೆ ಬೀಳುತ್ತದೆ. ಈ ಹರಿವಿನಿಂದ ಒಂದು ಸಣ್ಣ ಕವಲು ಮಾತ್ರ ಹಿಂಬದಿಯ ತೂತಿಗೆ ಬರುತ್ತದೆ. ಇದಕ್ಕೆ ಪೈಲಟ್ ತೂತು ಅಂತ ಹೆಸರು. ಹಲವು ಸಣ್ಣ ಎಂಜಿನ್‌ಗಳಲ್ಲಿ ಈ ಕವಲು ಥರ್ಮೋಸ್ಟಾಟ್‌ಗಿಂತ ಮೊದಲೇ ಒಡೆಯುತ್ತದೆ. ಥರ್ಮೋಸ್ಟಾಟ್ ಮುಚ್ಚಿಕೊಂಡಿದ್ದರೂ ಪೈಲಟ್ ತೂತಿನಲ್ಲಿ ನೀರು ಬರುತ್ತಲೇ ಇರುತ್ತದೆ. ನಾನು ಮೋಸಹೋಗಿದ್ದು ಅಲ್ಲೇ.

ಕೈ ಹಾಕುವ ಮುನ್ನ

ಕೆಳಗಿನ ಭಾಗಕ್ಕೆ ಅಥವಾ ಪ್ರೊಪೆಲ್ಲರ್‌ಗೆ ಕೈ ಹಾಕುವಾಗಲೆಲ್ಲ ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ತೆಗೆದಿಡಿ. ಎಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್‌ನ ಹಗ್ಗವನ್ನೂ ಕಿತ್ತಿಡಿ. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೂ ಎಂಜಿನ್ ಚಾಲೂ ಆಗುವ ಸಂದರ್ಭ ಇದೆ.

ನೀರಿಲ್ಲದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. "ಸುಮ್ನೆ ಎರಡು ಸೆಕೆಂಡ್, ಸದ್ದು ಕೇಳೋಣ" ಅನ್ನುವವರು ಬಹಳ ಜನ. ಇಂಪೆಲ್ಲರ್‌ಗೆ ನೀರೇ ಎಣ್ಣೆ ಇದ್ದ ಹಾಗೆ. ಒಣಗಿ ತಿರುಗಿದರೆ ರಬ್ಬರ್ ಕೆಲವೇ ಸೆಕೆಂಡುಗಳಲ್ಲಿ ಸುಡಲು ಶುರುವಾಗುತ್ತದೆ. ಮನೆ ಅಂಗಳದಲ್ಲಿ ಹೀಗೆ ಹಾಳಾದ ಇಂಪೆಲ್ಲರ್‌ಗಳೇ ಜಾಸ್ತಿ.

ಎಂಜಿನ್ ಓಡಿಸುವ ಪರೀಕ್ಷೆಯನ್ನು ಬಯಲಲ್ಲೇ ಮಾಡಿ, ಶೆಡ್ ಒಳಗೆ ಬೇಡ. ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಗೊತ್ತಾಗುವುದರೊಳಗೆ ತಲೆ ಸುತ್ತುತ್ತದೆ.

ಮೊದಲು ಕಣ್ಣಿಗೆ ಕೆಲಸ ಕೊಡಿ

ಎಂಜಿನ್ ಎತ್ತಿ ನಿಲ್ಲಿಸಿ, ನೀರು ಒಳಗೆ ಹೋಗುವ ಜಾಲರಿಯನ್ನು ಟಾರ್ಚ್ ಹಿಡಿದು ನೋಡಿ. ಪ್ಲಾಸ್ಟಿಕ್ ಚೀಲದ ಚೂರು, ಬಲೆಯ ನೂಲು, ಪಾಚಿ, ಗಟ್ಟಿಯಾದ ಕೆಸರು, ಸಣ್ಣ ಚಿಪ್ಪು ಇವೆಲ್ಲ ಸಿಗುತ್ತವೆ. ದೋಣಿಯನ್ನು ವಾರಗಟ್ಟಲೆ ನೀರಲ್ಲೇ ಬಿಟ್ಟು ಎಂಜಿನ್ ಎತ್ತದಿದ್ದರೆ ಸೀಳಿನೊಳಗೇ ಚಿಪ್ಪು ಬೆಳೆದಿರುತ್ತದೆ. ಮರದ ಕಡ್ಡಿ ಅಥವಾ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆಯಿರಿ. ಜಾಲರಿಗೆ ಬಣ್ಣ ಹಚ್ಚುವಾಗ ತೂತು ಮುಚ್ಚಿಹೋಗಿದ್ದನ್ನೂ ನಾನು ನೋಡಿದ್ದೇನೆ.

ಇನ್ನೊಂದನ್ನು ಇಲ್ಲೇ ನೋಡಿ: ಎಂಜಿನ್ ದೋಣಿಗೆ ಎಷ್ಟು ಎತ್ತರದಲ್ಲಿ ಕೂತಿದೆ? ಪ್ರೊಪೆಲ್ಲರ್ ಮೇಲಿನ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕೆ ಸಮವಾಗಿ ಅಥವಾ ಒಂದು ಇಂಚು ಕೆಳಗೆ ಇರಬೇಕು. ಎಂಜಿನ್ ಬಿಗಿಯುವ ದೋಣಿಯ ಹಿಂಬದಿಯ ಹಲಗೆ ಎತ್ತರವಾಗಿದ್ದು, ಅದಕ್ಕೆ ಗಿಡ್ಡ ಶಾಫ್ಟ್‌ನ ಎಂಜಿನ್ ಹಾಕಿದ್ದರೆ, ಅಲೆ ಮೇಲೆ ಹಿಂಭಾಗ ಎದ್ದಾಗಲೆಲ್ಲ ಜಾಲರಿ ಗಾಳಿ ಎಳೆಯುತ್ತದೆ. ಸಣ್ಣ ಎಂಜಿನ್‌ಗಳು 15 ಇಂಚು ಮತ್ತು 20 ಇಂಚಿನ ಹಲಗೆಗೆ ಅಂತ ಎರಡು ಅಳತೆಯಲ್ಲಿ ಸಿಗುತ್ತವೆ. ಬೇರೆ ದೋಣಿಯಿಂದ ಕೊಂಡ ಹಳೆಯ ಎಂಜಿನ್ ಆದರೆ ಈ ಅಳತೆ ಮೊದಲು ನೋಡಿ. ಪಂಪ್ ಎಷ್ಟು ಹೊಸದಾದರೂ ಗಾಳಿಯಿಂದ ಎಂಜಿನ್ ತಂಪಾಗುವುದಿಲ್ಲ.

ಡ್ರಮ್ಮಿನಲ್ಲಿ ಓಡಿಸಿ ನೋಡುವುದು

200 ಲೀಟರಿನ ಡ್ರಮ್ ಅರ್ಧಕ್ಕೆ ಕತ್ತರಿಸಿದ್ದು ಇದ್ದರೆ ಅದಕ್ಕಿಂತ ಒಳ್ಳೆಯ ಸಾಧನ ಬೇಡ. ಗಟ್ಟಿಯಾದ ಹಲಗೆಗೆ ಎಂಜಿನ್ ಬಿಗಿದು, ಚಪ್ಪಟೆ ರೆಕ್ಕೆಯಿಂದ ನಾಲ್ಕು ಇಂಚಾದರೂ ಮೇಲೆ ಬರುವಷ್ಟು ಸಿಹಿನೀರು ತುಂಬಿ. ಆಗ ಪಂಪ್‌ಗೆ ನೀರು ಸುಲಭವಾಗಿ ಸಿಗುತ್ತದೆ. ಪ್ರೊಪೆಲ್ಲರ್ ತೆಗೆದಿಟ್ಟರೆ ನೀರು ಎರಚುವುದಿಲ್ಲ, ಕೈಗೂ ಅಪಾಯ ಇಲ್ಲ. ಏನೇ ಆದರೂ ಗೇರ್ ನ್ಯೂಟ್ರಲ್‌ನಲ್ಲೇ ಇರಲಿ.

ಜಾಲರಿಯ ಎರಡು ಬದಿಗೆ ಒತ್ತಿ ಹಿಡಿಯುವ ರಬ್ಬರ್ ಬಟ್ಟಲುಗಳು ಅಂಗಡಿಯಲ್ಲಿ ಸಿಗುತ್ತವೆ, ಅದಕ್ಕೆ ನಲ್ಲಿಯ ಪೈಪು ಸಿಕ್ಕಿಸಬಹುದು. ಆದರೆ ರೆಕ್ಕೆಯ ಅಡಿಯಲ್ಲಿ ಜಾಲರಿ ಇರುವ ಎಂಜಿನ್‌ಗಳಿಗೆ ಅದು ಕೂರುವುದಿಲ್ಲ. ನಮ್ಮ ಕಡೆ ನಲ್ಲಿಯಲ್ಲಿ ನೀರಿನ ಒತ್ತಡವೂ ಕಡಿಮೆ. ಅದಕ್ಕೇ ಡ್ರಮ್ ನನಗೆ ಇಷ್ಟ. ಕೆಲವು ಫೋರ್ ಸ್ಟ್ರೋಕ್ ಎಂಜಿನ್‌ಗೆ ಪೈಪು ಸಿಕ್ಕಿಸಲೆಂದೇ ಒಂದು ಬಾಯಿ ಇರುತ್ತದೆ. ಅದು ಎಂಜಿನ್ ಬಂದ್ ಇಟ್ಟು ಉಪ್ಪು ತೊಳೆಯಲು. ಅದರಿಂದ ಪಂಪ್ ಸರಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ.

ಈಗ ಸ್ಟಾರ್ಟ್ ಮಾಡಿ. ಅರ್ಧ ನಿಮಿಷದೊಳಗೆ ಪೈಲಟ್ ತೂತಿನಲ್ಲಿ ನೀರು ಕಾಣಬೇಕು. ಕಾಣದಿದ್ದರೆ ತಕ್ಷಣ ಬಂದ್ ಮಾಡಿ. ಮೊದಲು ಆ ತೂತನ್ನೇ ಅನುಮಾನಿಸಿ. ಗಾಳದ ದಪ್ಪ ನೈಲಾನ್ ದಾರ ಎರಡು ಮೂರು ಇಂಚು ಒಳಗೆ ತೂರಿಸಿ ಆಡಿಸಿ. ಉಪ್ಪಿನ ಹರಳು, ಮರಳು, ಕೆಲವೊಮ್ಮೆ ಕಣಜ ಕಟ್ಟಿದ ಮಣ್ಣಿನ ಗೂಡು ಕೂಡ ಹೊರಗೆ ಬರುತ್ತದೆ. ಕಬ್ಬಿಣದ ತಂತಿ ಬೇಡ, ಒಳಗಿನ ರಬ್ಬರ್ ಪೈಪು ತೂತಾಗುತ್ತದೆ.

ಧಾರೆ ಬಂತು ಅಂದುಕೊಳ್ಳಿ. ಅದನ್ನು ನಿಂತು ನೋಡಿ. ನಿಧಾನ ಓಟದಲ್ಲಿ ಸಣ್ಣದಾಗಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಜೋರಾಗಿ ಬರಬೇಕು. ನಿಧಾನ ಓಟದಲ್ಲಿ ತೊಟ್ಟಿಕ್ಕಿ, ಜೋರು ಕೊಟ್ಟಾಗ ಮಾತ್ರ ಧಾರೆಯಾದರೆ ಇಂಪೆಲ್ಲರ್ ಸವೆದಿರುವ ಸಾಧ್ಯತೆ ಹೆಚ್ಚು. ರೆಕ್ಕೆ ಗೋಡೆಗೆ ತಾಗದಿದ್ದರೆ ನಿಧಾನ ಓಟದಲ್ಲಿ ನೀರು ಒತ್ತಲು ಆಗುವುದಿಲ್ಲ, ಅದಕ್ಕೇ ಹೀಗೆ. ಅದರ ತಿರುಗುಮುರುಗಾಗಿ, ನಿಧಾನ ಓಟದಲ್ಲಿ ಎಲ್ಲ ಸರಿ ಇದ್ದು, ಕಡಲಲ್ಲಿ ಪೂರ್ತಿ ವೇಗ ಕೊಟ್ಟಾಗ ಮಾತ್ರ ಬಿಸಿಯಾದರೆ ಜಾಲರಿ ಕಟ್ಟಿಕೊಂಡಿರಬೇಕು, ಒಳದಾರಿಯಲ್ಲಿ ಉಪ್ಪು ತುಂಬಿರಬೇಕು, ಇಲ್ಲವೇ ಎಂಜಿನ್ ಎತ್ತರದಲ್ಲಿ ಕೂತು ಗಾಳಿ ಎಳೆಯುತ್ತಿರಬೇಕು. ಧಾರೆಯಲ್ಲಿ ಗಾಳಿಗುಳ್ಳೆ ಸೇರಿ ಪಿಚ ಪಿಚ ಅನ್ನುತ್ತಿದ್ದರೆ ಪಂಪ್‌ನ ಪ್ಯಾಕಿಂಗ್ ಅಥವಾ ಕೊಳವೆಯ ರಬ್ಬರ್ ಬುಷ್‌ನಲ್ಲಿ ಗಾಳಿ ನುಗ್ಗುತ್ತಿದೆ.

ಧಾರೆಗೆ ಕೈ ಹಿಡಿದು ನೋಡಿ. ಬೆಚ್ಚಗಿರಬೇಕು. ಕೈ ಸುಡುತ್ತಿದ್ದರೆ ಅಥವಾ ಆವಿ ಏಳುತ್ತಿದ್ದರೆ ನೀರು ಕಡಿಮೆ ಹೋಗುತ್ತಿದೆ ಅಂತ ಅರ್ಥ.

ಹೆಡ್‌ನ ಬಿಸಿ ಅಳೆಯದೆ ಪರೀಕ್ಷೆ ಮುಗಿಯುವುದಿಲ್ಲ

ಇಲ್ಲಿಗೆ ಬಹಳ ಜನ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ.

ಗುರಿ ಇಟ್ಟು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಕೊಳ್ಳಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಬಗೆಯದ್ದು ಬೇಡ, ಅದು ಮೈಬಿಸಿಗೆ ಮಾತ್ರ. ಕೈಗಾರಿಕೆ ಕೆಲಸಕ್ಕೆ ಬರುವ, 100 ಡಿಗ್ರಿ ಮೇಲೂ ಅಳೆಯುವ ಬಗೆಯದ್ದು ಬೇಕು. ಒಂದು ಸೂಕ್ಷ್ಮ ಇದೆ: ಹೊಳೆಯುವ ಬರಿ ಅಲ್ಯೂಮಿನಿಯಂ ಮೇಲೆ ಹಿಡಿದರೆ ಇದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹೆಡ್ ಮೇಲೆ ಬಣ್ಣ ಇರುವ ಜಾಗ ಆರಿಸಿ, ಇಲ್ಲವೇ ಕಪ್ಪು ಮಾರ್ಕರ್‌ನಿಂದ ಒಂದು ಮಚ್ಚೆ ಹಾಕಿ. ಪ್ರತಿ ಸಲ ಅದೇ ಮಚ್ಚೆಗೆ, ಅಷ್ಟೇ ಹತ್ತಿರದಿಂದ ಹಿಡಿಯಿರಿ.

ಮುಚ್ಚಳ ತೆಗೆದು ಎಂಜಿನ್ ಓಡಿಸುವಾಗ ಮೇಲಿನ ಫ್ಲೈವೀಲ್ ಎಂಬ ಭಾರದ ಚಕ್ರ ತಿರುಗುತ್ತಿರುತ್ತದೆ. ಲುಂಗಿಯ ಅಂಚು, ತೋಳಿನ ಬಟ್ಟೆ, ಕೊರಳ ಸರ ಯಾವುದೂ ಹತ್ತಿರ ಬರಬಾರದು.

ಹತ್ತು ನಿಮಿಷ ಓಡಿಸಿ ಎರಡು ಕಡೆ ಅಳೆಯಿರಿ: ಥರ್ಮೋಸ್ಟಾಟ್ ಮುಚ್ಚಳದ ಮೇಲೆ ಮತ್ತು ಸ್ಪಾರ್ಕ್ ಪ್ಲಗ್ ಹತ್ತಿರ ಹೆಡ್ ಮೇಲೆ. ಎರಡು ಸಿಲಿಂಡರ್ ಇದ್ದರೆ ಎರಡನ್ನೂ ಅಳೆದು ಹೋಲಿಸಿ. ಸಣ್ಣ ಎಂಜಿನ್‌ಗಳ ಥರ್ಮೋಸ್ಟಾಟ್ ಸಾಮಾನ್ಯವಾಗಿ ಸುಮಾರು 50ರಿಂದ 60 ಡಿಗ್ರಿಗೆ ತೆರೆಯಲು ಶುರುಮಾಡುತ್ತದೆ. ಕಾರಿನ ಎಂಜಿನ್ 80-90 ಡಿಗ್ರಿಯಲ್ಲಿ ಓಡುತ್ತದೆ, ಇದು ಅದಕ್ಕಿಂತ ತಣ್ಣಗೆ. ಕಾರಣ ಉಪ್ಪು. ಕಡಲ ನೀರು ಹೆಚ್ಚು ಬಿಸಿಯಾದಷ್ಟೂ ಅದರಲ್ಲಿರುವ ಉಪ್ಪು, ಸುಣ್ಣದ ಅಂಶ ಗೋಡೆಗೆ ಬೇಗ ಕಟ್ಟಿಕೊಳ್ಳುತ್ತದೆ.

ನಾನು ಪಾಲಿಸುವ ಲೆಕ್ಕ ಹೀಗಿದೆ. ಥರ್ಮೋಸ್ಟಾಟ್ ಮೇಲೆ ಬರೆದ ಅಂಕಿಯ ಆಸುಪಾಸಿನಲ್ಲೇ ಇದ್ದರೆ ಆರೋಗ್ಯ. ಅದಕ್ಕಿಂತ 15 ಡಿಗ್ರಿ ಮೇಲೆ ಹೋಗಿ ಅಲ್ಲೇ ನಿಂತರೆ ಬಿಚ್ಚಿ ನೋಡುವ ಸಮಯ. 85 ದಾಟಿ ಏರುತ್ತಲೇ ಇದ್ದರೆ ಬಂದ್ ಮಾಡುತ್ತೇನೆ. ಒಂದು ಸಿಲಿಂಡರ್ ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ದರೆ ಆ ಬದಿಯ ನೀರಿನ ದಾರಿ ಕಟ್ಟಿದೆ. ಹತ್ತು ನಿಮಿಷದ ಮೇಲೂ 40 ಡಿಗ್ರಿ ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ, ಅಥವಾ ಹಿಂದಿನ ಮಾಲೀಕರು ಕಿತ್ತು ಬಿಸಾಡಿದ್ದಾರೆ. ನಿಮ್ಮ ಎಂಜಿನ್‌ನ ಕೈಪಿಡಿಯಲ್ಲಿ ಅಂಕಿ ಇದ್ದರೆ ನನ್ನ ಲೆಕ್ಕ ಬಿಟ್ಟು ಅದನ್ನೇ ಹಿಡಿಯಿರಿ.

ಡ್ರಮ್ಮಿನಲ್ಲಿ ಎಂಜಿನ್‌ಗೆ ಭಾರ ಇಲ್ಲ, ಹಾಗಾಗಿ ಇದೇ ಅಳತೆಯನ್ನು ಒಮ್ಮೆ ಹೊಳೆಯಲ್ಲೂ ತೆಗೆಯಬೇಕು. ಜೊತೆಗೊಬ್ಬರನ್ನು ಕೂರಿಸಿಕೊಂಡು ಹತ್ತು ನಿಮಿಷ ಮುಕ್ಕಾಲು ವೇಗದಲ್ಲಿ ಓಡಿಸಿ, ನ್ಯೂಟ್ರಲ್‌ಗೆ ತಂದು, ಮುಚ್ಚಳ ತೆಗೆದು ಕೂಡಲೇ ಅಳೆಯಿರಿ. ಶಾಂತ ನೀರಿನಲ್ಲಿ ಮಾಡಿ, ಅಳಿವೆ ಹತ್ತಿರ ಬೇಡ.

ಥರ್ಮೋಸ್ಟಾಟ್ ಬಿಚ್ಚುವುದು, ಪಾತ್ರೆಯಲ್ಲಿ ಕುದಿಸಿ ನೋಡುವುದು

ಹೆಡ್ ಹತ್ತಿರ ಎರಡೋ ಮೂರೋ ಸಣ್ಣ ಬೋಲ್ಟ್ ಇರುವ ಮುಚ್ಚಳದ ಅಡಿಯಲ್ಲಿ ಅದು ಕೂತಿರುತ್ತದೆ. ಬಹಳಷ್ಟು ಕಡೆ 10ರ ಪಾನಾ ಸಾಕು. ಆದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಜಾಗ ಇದೇ. ಉಪ್ಪುನೀರು ಕುಡಿದ ಅಲ್ಯೂಮಿನಿಯಂನಲ್ಲಿ ಸ್ಟೀಲ್ ಬೋಲ್ಟ್ ಬೆಸುಗೆ ಹಾಕಿದ ಹಾಗೆ ಹಿಡಿದುಕೊಂಡಿರುತ್ತದೆ. ಜೋರು ಮಾಡಿದರೆ ತಲೆ ಮುರಿದು ಕೈಗೆ ಬರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಪೆಟ್ಟು ಕೊಡಿ. ಆಮೇಲೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಬರಲಿಲ್ಲ ಅಂದರೆ ಮತ್ತೆ ಎಣ್ಣೆ ಬಿಟ್ಟು ನಾಳೆಗೆ ಇಡಿ. ಒಂದು ದಿನ ಹೋದರೆ ಹೋಗಲಿ. ಮುರಿದ ಬೋಲ್ಟ್ ತೆಗೆಯಲು ಲೇತ್ ಅಂಗಡಿಗೆ ಅಲೆದರೆ ವಾರ ಹೋಗುತ್ತದೆ.

ಹೊರಗೆ ತೆಗೆದ ಥರ್ಮೋಸ್ಟಾಟ್‌ನಲ್ಲಿ ಬಿಳಿ ಉಪ್ಪಿನ ಪದರ ಇದ್ದರೆ ವಿನೆಗರ್‌ನಲ್ಲಿ ನೆನೆಸಿ ತೊಳೆಯಿರಿ. ಆಮೇಲೆ ಹಳೆಯ ಪಾತ್ರೆಯಲ್ಲಿ ನೀರು ಇಟ್ಟು, ಅದನ್ನು ದಾರ ಕಟ್ಟಿ ತಳಕ್ಕೆ ತಾಗದಂತೆ ಇಳಿಬಿಡಿ. ಪಕ್ಕದಲ್ಲಿ ಅಡುಗೆಗೆ ಬಳಸುವ ಥರ್ಮಾಮೀಟರ್. ಸಣ್ಣ ಉರಿಯಲ್ಲಿ ಕಾಯಿಸುತ್ತಾ ಬನ್ನಿ. ಮೇಲೆ ಕೊರೆದ ಅಂಕಿಯ ಹತ್ತಿರ ಬಂದಾಗ ಬಾಯಿ ಬಿಡಲು ಶುರುಮಾಡಬೇಕು. ಇನ್ನು ಹತ್ತು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು, ಸುಮಾರು 3 ಮಿಲಿಮೀಟರ್ ಸಂದು ಕಾಣಬೇಕು. ಒಲೆ ಆರಿಸಿದ ಮೇಲೆ ತಣ್ಣಗಾಗುತ್ತಾ ಮತ್ತೆ ಮುಚ್ಚಿಕೊಳ್ಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹೊಸದು ಹಾಕಿ. ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟಿನ ಹಲ್ಲಿಗೆ ಮರೀನ್ ಗ್ರೀಸ್ (ಉಪ್ಪುನೀರಿಗೆ ತಡೆಯುವ ಗ್ರೀಸ್) ಸವರಿ ಕೂರಿಸಿದರೆ ಮುಂದಿನ ಸಲ ನಿಮ್ಮ ಕೈಗೇ ಸುಖ.

"ಥರ್ಮೋಸ್ಟಾಟ್ ಯಾಕೆ ಬೇಕು, ಕಿತ್ತು ಬಿಡಿ, ತಣ್ಣಗೇ ಓಡಲಿ" ಎಂದು ಸಲಹೆ ಕೊಡುವವರು ಎಲ್ಲ ಬಂದರಿನಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಎಂಜಿನ್ ಅತಿ ತಣ್ಣಗೆ ಓಡಿದರೆ ಇಂಧನ ಪೂರ್ತಿ ಉರಿಯುವುದಿಲ್ಲ, ಪ್ಲಗ್ ಕಪ್ಪಾಗುತ್ತದೆ, ಮಸಿ ಕಟ್ಟುತ್ತದೆ. ಫೋರ್ ಸ್ಟ್ರೋಕ್ ಆದರೆ ಉರಿಯದ ಪೆಟ್ರೋಲ್ ಇಳಿದು ಆಯಿಲ್ ತೆಳ್ಳಗಾಗುತ್ತದೆ. ನಮ್ಮ ನಾಡದೋಣಿಗಳಲ್ಲಿ ಸೀಮೆಎಣ್ಣೆ ಎಂಜಿನ್‌ಗಳು ಬಹಳ ಇವೆ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಯಾಕೆ? ಸೀಮೆಎಣ್ಣೆ ಚೆನ್ನಾಗಿ ಉರಿಯಲು ಬಿಸಿ ಬೇಕು, ಅದಕ್ಕೇ. ಥರ್ಮೋಸ್ಟಾಟ್ ಇರುವ ಎಂಜಿನ್‌ನಿಂದ ಅದನ್ನು ಕಿತ್ತರೆ ಆ ಬಿಸಿಯನ್ನೇ ಕಸಿದ ಹಾಗೆ.

ಪಂಪ್ ಬಿಚ್ಚಿ ಇಂಪೆಲ್ಲರ್ ಬದಲಿಸುವುದು

ಹೊಸ ಇಂಪೆಲ್ಲರ್ ಮಾತ್ರ ತರಬೇಡಿ. ಪ್ಯಾಕಿಂಗ್, ತಟ್ಟೆ, ಒಳಬಟ್ಟಲು, ಕೀ ಎಲ್ಲ ಸೇರಿದ ಪೂರ್ತಿ ಕಿಟ್ ತನ್ನಿ. ಎಂಜಿನ್ ಮೇಲಿನ ಮಾಡೆಲ್ ನಂಬರ್ ಫೋಟೋ ತೆಗೆದು ಅಂಗಡಿಗೆ ತೋರಿಸಿ. ನೋಡಲು ಒಂದೇ ತರಹ ಇರುವ ಇಂಪೆಲ್ಲರ್‌ಗಳಲ್ಲೂ ಅಳತೆ ಬೇರೆ ಇರುತ್ತದೆ.

ಪ್ಲಗ್ ಕ್ಯಾಪ್ ತೆಗೆದಿದ್ದೀರಲ್ವಾ? ಸರಿ. ಗೇರ್ ರಾಡ್ ಕೆಳಭಾಗಕ್ಕೆ ಸೇರುವ ಜೋಡಣೆಯನ್ನು ಮೊದಲು ಹುಡುಕಿ. ಸಾಮಾನ್ಯವಾಗಿ ಒಂದು ಸಣ್ಣ ಬೋಲ್ಟ್ ಅಥವಾ ಪಿನ್. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ರಾಡ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಗೇರ್ ಯಾವ ಸ್ಥಾನದಲ್ಲಿತ್ತು ಅನ್ನುವುದನ್ನೂ ಬರೆದಿಡಿ. ಆಮೇಲೆ ಕೆಳಭಾಗ ಹಿಡಿದಿರುವ ಬೋಲ್ಟ್‌ಗಳು. ಒಂದು ಬೋಲ್ಟ್ ಕೆಲವು ಎಂಜಿನ್‌ಗಳಲ್ಲಿ ಚಪ್ಪಟೆ ರೆಕ್ಕೆಯ ಹಿಂದಿನ ಸಣ್ಣ ಬಾಲದಂಥ ಸತುವಿನ ತುಂಡಿನ ಅಡಿಯಲ್ಲಿ ಅಡಗಿರುತ್ತದೆ. ಎಲ್ಲ ಬಿಚ್ಚಿದ ಮೇಲೂ ಬರಲಿಲ್ಲ ಅಂದರೆ ಅದನ್ನು ಹುಡುಕಿ. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಮರದ ತುಂಡು ಇಟ್ಟು ಎರಡೂ ಬದಿ ಮೆಲ್ಲಗೆ ತಟ್ಟುತ್ತಾ ನೇರವಾಗಿ ಕೆಳಗೆ ಎಳೆಯಿರಿ.

ಕೆಳಭಾಗ ಕೈಗೆ ಬಂದ ಮೇಲೆ ಉದ್ದ ಶಾಫ್ಟಿನ ಬುಡದಲ್ಲಿ ಪಂಪ್ ಡಬ್ಬಿ ಕಾಣುತ್ತದೆ. ನಾಲ್ಕು ಬೋಲ್ಟ್ ತೆಗೆದು ಡಬ್ಬಿಯನ್ನು ಮೇಲಕ್ಕೆ ಜಾರಿಸಿ. ಇಂಪೆಲ್ಲರ್ ತೆಗೆಯುವಾಗ ಶಾಫ್ಟಿನ ತೋಡಿನಲ್ಲಿ ಕೂತ ಸಣ್ಣ ಕೀ ಬಿದ್ದುಹೋಗುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡೇ ಕೂರಿ.

ಹಳೆಯದನ್ನು ಬಿಸಾಡುವ ಮೊದಲು ಓದಿ. ಹೌದು, ಇಂಪೆಲ್ಲರ್ ತನ್ನ ಕಥೆ ತಾನೇ ಹೇಳುತ್ತದೆ. ರೆಕ್ಕೆಗಳು ಒಂದೇ ಕಡೆ ಬಾಗಿ ಹಾಗೇ ನಿಂತಿದ್ದರೆ ವಯಸ್ಸಾಗಿದೆ. ತುದಿ ಚಪ್ಪಟೆಯಾಗಿ ಸವೆದಿದ್ದರೆ ಮರಳು ತಿಂದಿದೆ. ತುದಿ ಕರಗಿ ಹೊಳೆಯುತ್ತಿದ್ದರೆ ಯಾರೋ ಒಣಗಿ ಓಡಿಸಿದ್ದಾರೆ. ರೆಕ್ಕೆಯನ್ನು ಬೆರಳಿನಿಂದ ಬಾಗಿಸಿ ಬುಡ ನೋಡಿ, ಬಿರುಕು ಅಲ್ಲೇ ಮೊದಲು ಬರುವುದು. ನಡುವಿನ ಲೋಹದ ಬುಷ್ ಹಿಡಿದು ರಬ್ಬರ್ ತಿರುಗಿಸಿ ನೋಡಿ. ಅಂಟು ಬಿಟ್ಟು ರಬ್ಬರ್ ಮಾತ್ರ ತಿರುಗಿದರೆ, ರೆಕ್ಕೆ ಎಷ್ಟು ಚೆನ್ನಾಗಿದ್ದರೂ ಅದು ಸತ್ತಿದೆ.

ಒಂದು ರೆಕ್ಕೆ ಮುರಿದು ಕಾಣೆಯಾಗಿದ್ದರೆ ಕೆಲಸ ದೊಡ್ಡದಾಯಿತು ಅಂತ ತಿಳಿಯಿರಿ. ಆ ಚೂರು ಎಲ್ಲೂ ಹೋಗಿಲ್ಲ, ಮೇಲಿನ ದಾರಿಯಲ್ಲೇ ಎಲ್ಲೋ ಕೂತಿದೆ. ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಬಿಸಿಯಾಗುವುದು ಇದರಿಂದಲೇ. ಥರ್ಮೋಸ್ಟಾಟ್ ತೆಗೆದು, ಆ ಬಾಯಿಗೆ ಪೈಪು ಹಿಡಿದು ಸಿಹಿನೀರು ಬಿಡಿ. ನೀರು ತಿರುಗುಮುರುಗಾಗಿ ಹರಿದು ಕೆಳಗಿನ ಕೊಳವೆಯಿಂದ ಬೀಳುವಾಗ ಚೂರೂ ಬರುತ್ತದೆ. ಬಂದ ಚೂರುಗಳನ್ನು ಹಳೆಯ ಇಂಪೆಲ್ಲರ್‌ಗೆ ಜೋಡಿಸಿ ನೋಡಿ. ಪೂರ್ತಿ ಸಿಗುವವರೆಗೆ ಬಿಡಬೇಡಿ.

ಡಬ್ಬಿಯ ಒಳಗೋಡೆ, ಕೆಳಗಿನ ಸ್ಟೀಲ್ ತಟ್ಟೆ ಎರಡಕ್ಕೂ ಉಗುರು ಹಾಯಿಸಿ. ಉಗುರು ಗೀರಿನಲ್ಲಿ ಸಿಕ್ಕಿಕೊಂಡರೆ ಬದಲಿಸಬೇಕು.

ಜೋಡಿಸುವಾಗ ಮೂರು ಕಡೆ ತಪ್ಪಾಗುತ್ತದೆ. ಮೊದಲನೆಯದು ರೆಕ್ಕೆಯ ದಿಕ್ಕು. ಮೇಲಿನಿಂದ ನೋಡಿದಾಗ ಶಾಫ್ಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಡಬ್ಬಿಯನ್ನು ಕೆಳಗೆ ಒತ್ತುತ್ತಾ ಶಾಫ್ಟನ್ನು ಅದೇ ದಿಕ್ಕಿಗೆ ತಿರುಗಿಸಿದರೆ ರೆಕ್ಕೆಗಳು ಸರಿಯಾಗಿ ಹಿಂದಕ್ಕೆ ಬಾಗಿ ಒಳಗೆ ಕೂರುತ್ತವೆ. ಒಮ್ಮೆ ಕೂತ ಮೇಲೆ ಉಲ್ಟಾ ತಿರುಗಿಸಬೇಡಿ. ಮೊದಲ ಕ್ಷಣದ ಒಣ ತಿಕ್ಕಾಟ ತಪ್ಪಿಸಲು ರೆಕ್ಕೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಗ್ಲಿಸರಿನ್ ಸವರಿ.

ಎರಡನೆಯದು ಶಾಫ್ಟಿನ ಮೇಲ್ತುದಿ. ಅಲ್ಲಿನ ಹಲ್ಲುಗಳ ಬದಿಗೆ ತೆಳ್ಳಗೆ ಮರೀನ್ ಗ್ರೀಸ್ ಹಚ್ಚಿ, ತುದಿಯ ಮೇಲೆ ಮೆತ್ತಬೇಡಿ. ಗ್ರೀಸ್ ಗುಡ್ಡೆ ಒಳಗೆ ಸಿಕ್ಕಿಕೊಂಡರೆ ಶಾಫ್ಟ್ ಪೂರ್ತಿ ಕೂರುವುದಿಲ್ಲ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಕೆಳಭಾಗವನ್ನು ಮೇಲೆ ಏರಿಸುವಾಗ ನೀರಿನ ಕೊಳವೆ ಪಂಪ್ ಮೇಲಿನ ರಬ್ಬರ್ ಬುಷ್ ಒಳಗೆ ಹೋಗಲೇಬೇಕು. ಅದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಕೊಳವೆ ಪಕ್ಕಕ್ಕೆ ಸರಿದರೂ ಬೋಲ್ಟ್ ಬಿಗಿಯಾಗಿಬಿಡುತ್ತದೆ, ನೀರು ಮಾತ್ರ ಮೇಲೆ ಹೋಗುವುದಿಲ್ಲ. ಟಾರ್ಚ್ ಹಿಡಿಯಲು ಒಬ್ಬರನ್ನು ಕರೆದುಕೊಳ್ಳಿ. ಶಾಫ್ಟಿನ ಹಲ್ಲು ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಸ್ಟಾರ್ಟರ್ ಹಗ್ಗವನ್ನು ಮೆಲ್ಲಗೆ ಒಂದೆರಡು ಇಂಚು ಎಳೆದರೆ ಹಲ್ಲು ಹಲ್ಲಿಗೆ ಸೇರುತ್ತದೆ. ಕೊನೆಗೆ ಗೇರ್ ರಾಡ್ ಜೋಡಿಸಿ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ ಮುಂದೆ, ನ್ಯೂಟ್ರಲ್, ಹಿಂದೆ ಮೂರೂ ಸರಿಯಾಗಿ ಬೀಳುತ್ತವಾ ನೋಡಿ. ಮತ್ತೆ ಡ್ರಮ್ಮಿಗೆ ಇಳಿಸಿ ಮೊದಲಿನಿಂದ ಅಳೆಯಿರಿ.

ಉಪ್ಪು ಬಿಡಿಸುವುದು

ಪಂಪ್ ಹೊಸದು, ಥರ್ಮೋಸ್ಟಾಟ್ ಸರಿ, ಆದರೂ ಬಿಸಿ ಅಂದರೆ ಒಳಗೋಡೆಗೆ ಉಪ್ಪು ಕಟ್ಟಿದೆ. ನೀರು ಎಳೆಯುವ ಜಾಲರಿ ಪೂರ್ತಿ ಮುಳುಗುವಂಥ ಬಕೆಟ್ಟಿನಲ್ಲಿ ಬಿಳಿ ವಿನೆಗರ್ ಮತ್ತು ನೀರು ಸಮ ಪ್ರಮಾಣದಲ್ಲಿ ಬೆರೆಸಿ, ಎಂಜಿನ್ ನಿಧಾನವಾಗಿ ಹತ್ತು ನಿಮಿಷ ಓಡಿಸಿ, ಬಂದ್ ಮಾಡಿ ಅರ್ಧ ಗಂಟೆ ಬಿಡಿ, ಮತ್ತೆ ಓಡಿಸಿ. ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ, ಉಪ್ಪಿನ ಜೊತೆ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ.

ಇದಕ್ಕೂ ಬಗ್ಗದಿದ್ದರೆ ಹೆಡ್ ತೆಗೆಯಬೇಕು. ಅದು ಮೆಕ್ಯಾನಿಕ್ ಕೆಲಸ. ಪ್ಲಗ್ ಮೇಲೆ ನೀರಿನ ಹನಿ ಕಂಡರೆ, ಫೋರ್ ಸ್ಟ್ರೋಕ್ ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಹೆಡ್ ಪ್ಯಾಕಿಂಗ್ ಹೋಗಿರಬಹುದು, ಆಗಲೂ ಅವರ ಹತ್ತಿರವೇ ಹೋಗಿ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಕಡಿಮೆ ಬೆರೆಸಿದ್ದರೂ, ಕಾರ್ಬುರೇಟರ್ ಜೆಟ್ (ಇಂಧನ ಬರುವ ಸಣ್ಣ ತೂತು) ಅರ್ಧ ಕಟ್ಟಿದ್ದರೂ ಎಂಜಿನ್ ಬಿಸಿಯಾಗುತ್ತದೆ. ನೀರಿನ ದಾರಿ ಪೂರ್ತಿ ಸರಿ ಇದ್ದರೆ ಆ ಕಡೆ ನೋಡಿ.

ನೀರಿನ ಮೇಲಿದ್ದಾಗ ಧಾರೆ ನಿಂತರೆ

ಕೂಡಲೇ ವೇಗ ಇಳಿಸಿ ನ್ಯೂಟ್ರಲ್‌ಗೆ ತನ್ನಿ. ಬಹುತೇಕ ಸಲ ಪ್ಲಾಸ್ಟಿಕ್ ಚೀಲ ಜಾಲರಿಗೆ ಅಂಟಿಕೊಂಡಿರುತ್ತದೆ. ಎರಡು ಮೂರು ಸೆಕೆಂಡ್ ರಿವರ್ಸ್ ಕೊಟ್ಟರೆ ಕಳಚಿ ಹೋಗುತ್ತದೆ. ಹೋಗದಿದ್ದರೆ ಬಂದ್ ಮಾಡಿ, ಎಂಜಿನ್ ಎತ್ತಿ, ಕೈಯಿಂದ ತೆಗೆಯಿರಿ. ಪೈಲಟ್ ತೂತಿಗೆ ನೈಲಾನ್ ದಾರ ಹಾಕಿ ನೋಡಿ. ಆದರೂ ಬರಲಿಲ್ಲ ಅಂದರೆ ಲಂಗರು ಬಿಟ್ಟು, ತಣ್ಣಗಾಗಲು ಅರ್ಧ ಗಂಟೆ ಕೊಡಿ. ಕಾದ ಹೆಡ್ ಮೇಲೆ ಬಕೆಟ್ಟಿನಿಂದ ತಣ್ಣೀರು ಸುರಿಯಬೇಡಿ, ಲೋಹ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಅಲೆ ಒಡೆಯುವ ಜಾಗದಲ್ಲಿ ಇದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಎಂಜಿನ್ ಹಾಳಾದರೂ ಸರಿ, ಮೊದಲು ದೋಣಿ ಹೊರಗೆ ತನ್ನಿ.

ಯಾವಾಗ ಏನು

ಉಪ್ಪುನೀರಿನಿಂದ ಬಂದ ಪ್ರತಿ ದಿನ ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ. ಎರಡು ನಿಮಿಷ ಸಾಲದು, ಥರ್ಮೋಸ್ಟಾಟ್ ತೆರೆದರೆ ಮಾತ್ರ ಹೆಡ್ ಒಳಗೆ ಚೆನ್ನಾಗಿ ತೊಳೆಯುತ್ತದೆ. ಆಮೇಲೆ ಎಂಜಿನ್ ನೇರವಾಗಿ ನಿಲ್ಲಿಸಿಡಿ, ಒಳಗಿನ ನೀರು ತಾನಾಗಿ ಇಳಿಯುತ್ತದೆ.

ಇಂಪೆಲ್ಲರ್ ವರ್ಷಕ್ಕೊಮ್ಮೆ ಬದಲಿಸಿ ಅಂತ ನನ್ನ ಮಾತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ. ಅಂದರೆ ದೊಡ್ಡ ಬೋಟುಗಳು ದಡದಲ್ಲಿ ರಿಪೇರಿಯಾಗುವ ಕಾಲದಲ್ಲೇ ಸಣ್ಣ ಎಂಜಿನ್‌ಗೆ ಹೆಚ್ಚು ದುಡಿಮೆ. ಶರಾವತಿ, ಅಘನಾಶಿನಿ, ಕಾಳಿ ಎಲ್ಲ ಹೊಳೆಗಳೂ ಆಗ ಕೆಂಪು ನೀರು, ಮರಳು, ಕಸ ಹೊತ್ತು ಬರುತ್ತವೆ. ಆ ಮರಳೇ ಇಂಪೆಲ್ಲರ್ ತಿನ್ನುವುದು. ಅದಕ್ಕೆ ನಾನು ಮೇ ಕೊನೆಯ ವಾರದಲ್ಲಿ ಹೊಸ ಇಂಪೆಲ್ಲರ್ ಹಾಕುತ್ತೇನೆ, ಆಗಸ್ಟ್‌ನಲ್ಲಿ ಮತ್ತೊಮ್ಮೆ ಡಬ್ಬಿ ಬಿಚ್ಚಿ ತಟ್ಟೆಗೆ ಉಗುರು ಹಾಯಿಸಿ ನೋಡುತ್ತೇನೆ. ಎಂಜಿನ್‌ನ ಲೋಹದ ಬದಲು ತಾನು ಕರಗಿ ಅದನ್ನು ಕಾಪಾಡುವ ಸತುವಿನ ತುಂಡು ಅರ್ಧ ಕರಗಿದ್ದರೆ ಅದನ್ನೂ ಬದಲಿಸುತ್ತೇನೆ. ಅದಕ್ಕೆ ಬಣ್ಣ ಮಾತ್ರ ಹಚ್ಚಬೇಡಿ, ಹಚ್ಚಿದರೆ ಅದು ಕೆಲಸ ಮಾಡುವುದಿಲ್ಲ.

ನನ್ನ ದೋಣಿಯ ಡಬ್ಬಿಯಲ್ಲಿ ಈಗ ಒಂದು ಗೇಣು ನೈಲಾನ್ ದಾರ, 10 ಮತ್ತು 12ರ ಪಾನಾ, ಒಂದು ಪ್ಲಗ್, ಥರ್ಮಾಮೀಟರ್ ಮತ್ತು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ನೋಟ್‌ಬುಕ್ ಇವೆ. ನೋಟ್‌ಬುಕ್ಕಿನಲ್ಲಿ ತಾರೀಕು, ಓಡಿಸಿದ ಗಂಟೆ, ಹೆಡ್‌ನ ಬಿಸಿ. ಮೊನ್ನೆ ಅಳೆದಾಗ 57 ಡಿಗ್ರಿ ಇತ್ತು.